ಕಾರ್ಯಾಚರಣಾ ವ್ಯವಸ್ಥೆಯ ಅನುಸ್ಥಾಪನಾ ಸಿ.ಡಿ.ಯಲ್ಲಿ ಸರ್ವಿಸ್ ಪ್ಯಾಕ್ ಸೇರ್ಪಡೆ: ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಪಹಣಿ, ಜಾತಿ ಮತ್ತು ಆದಾಯ ಪ್ರಮಾಣ ಪತ್ರ, ವಾಸಸ್ಥಳ ದೃಢೀಕರಣ, ಸಾಮಾಜಿಕ ಭದ್ರತಾ ಪಿಂಚಣಿ ಮುಂತಾದ ಸೇವೆಗಳನ್ನು ನಾಗರಿಕರು ಇಂದು ಗಣಕಯಂತ್ರದ ಮೂಲಕವೇ ಪಡೆಯುತ್ತಾರೆ. ಯಂತ್ರ ಸುಸ್ಥಿತಿಯಲ್ಲಿರುವವರೆಗೆ ಅದರ ಒಳವ್ಯವಸ್ಥೆಯ ಬಗ್ಗೆ ಅರ್ಜಿದಾರರು ಯೋಚಿಸಬೇಕಾದ ಅಗತ್ಯವಿರುವುದಿಲ್ಲ. ಆದರೆ "ಯಂತ್ರಕ್ಕೆ ಮತ್ತೆ ವಿಂಡೋಸ್ ಹಾಕಬೇಕಾಗಿದೆ, ನಾಳೆ ಬನ್ನಿ" ಎಂಬ ಉತ್ತರ ಕಿಟಕಿಯಿಂದ ಬಂದ ದಿನ, ಕೂಲಿ ಬಿಟ್ಟು ಬಂದವರಿಗೆ ಒಂದು ದಿನದ ದುಡಿಮೆ ನಷ್ಟವಾಗುತ್ತದೆ. ವಿದ್ಯಾರ್ಥಿ ನಿಲಯದ ಪ್ರವೇಶಕ್ಕೋ ಬೆಳೆ ಸಾಲಕ್ಕೋ ಅಂದೇ ಕೊನೆಯ ದಿನಾಂಕವಾಗಿದ್ದರೆ ನಷ್ಟ ಇನ್ನೂ ದೊಡ್ಡದು.

ಯಂತ್ರಕ್ಕೆ ಕಾರ್ಯಾಚರಣಾ ವ್ಯವಸ್ಥೆಯನ್ನು ಮರಳಿ ಅಳವಡಿಸುವ ಕೆಲಸ ಕೆಲವು ಗಂಟೆಗಳಲ್ಲಿ ಮುಗಿಯುವುದೋ, ಎರಡು ಮೂರು ದಿನ ಹಿಡಿಯುವುದೋ ಎಂಬುದು ಬಹುಮಟ್ಟಿಗೆ ಒಂದೇ ವಿಷಯವನ್ನು ಅವಲಂಬಿಸಿದೆ. ಸಿಬ್ಬಂದಿಯ ಬಳಿಯಿರುವ ಅನುಸ್ಥಾಪನಾ ಸಿ.ಡಿ. ಹಳೆಯದೋ, ಅಥವಾ ಅದುವರೆಗಿನ ತಿದ್ದುಪಡಿಗಳನ್ನು ಒಳಗೊಂಡದ್ದೋ ಎಂಬುದೇ ಆ ವಿಷಯ. ತಿದ್ದುಪಡಿಗಳನ್ನು ಸಿ.ಡಿ.ಯಲ್ಲಿಯೇ ಸೇರಿಸುವ ವಿಧಾನವನ್ನು, ಅದರ ಅಗತ್ಯವನ್ನು ಮತ್ತು ಇಂದಿನ ಸ್ಥಿತಿಯನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಈ ಕೆಳಗೆ ವಿವರಿಸಲಾಗಿದೆ.

2. ಹಿನ್ನೆಲೆ

ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟು 1997ರಲ್ಲಿ ರಚನೆಯಾದ ಕೊಪ್ಪಳ ಜಿಲ್ಲೆಯಲ್ಲಿ ಆರಂಭದಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳಿದ್ದವು. ಇರಕಲ್ಲಗಡವು ಕೊಪ್ಪಳ ತಾಲ್ಲೂಕಿನ ಹೋಬಳಿ ಕೇಂದ್ರಗಳಲ್ಲಿ ಒಂದು. ಇಂತಹ ಹೋಬಳಿಗಳ ರೈತರ ಪಾಲಿಗೆ ಗಣಕಯಂತ್ರವು ಮೊದಲು ಬಂದದ್ದು 'ಭೂಮಿ' ಯೋಜನೆಯ ಮೂಲಕ. ಸುಮಾರು 67 ಲಕ್ಷ ಭೂಮಾಲೀಕರಿಗೆ ಸೇರಿದ ಸುಮಾರು 2 ಕೋಟಿ ಭೂ ದಾಖಲೆಗಳನ್ನು ಗಣಕೀಕರಿಸಿದ ಈ ಯೋಜನೆಯಡಿ, 2000ದ ದಶಕದ ಆರಂಭದಲ್ಲಿ ತಾಲ್ಲೂಕು ಕೇಂದ್ರಗಳಲ್ಲಿ 15 ರೂಪಾಯಿ ಶುಲ್ಕಕ್ಕೆ ಮುದ್ರಿತ ಪಹಣಿ ದೊರೆಯುವಂತಾಯಿತು. ಗಣಕೀಕರಣ ಪೂರ್ಣಗೊಂಡ ತಾಲ್ಲೂಕುಗಳಲ್ಲಿ ಕೈಬರಹದ ಪಹಣಿಯ ವಿತರಣೆಯನ್ನು ನಿಲ್ಲಿಸಲಾಯಿತು. 2006ರಿಂದ ನೆಮ್ಮದಿ ಕೇಂದ್ರಗಳ ಮೂಲಕ ಸೇವೆಗಳು ಹೋಬಳಿ ಮಟ್ಟಕ್ಕೆ ಬಂದವು. 2012ರಲ್ಲಿ ಆರಂಭವಾದ ಅಟಲ್‌ಜೀ ಜನಸ್ನೇಹಿ ಕೇಂದ್ರಗಳ ವ್ಯವಸ್ಥೆಯಲ್ಲಿ ಆ ಸೇವೆಗಳು ನಾಡಕಚೇರಿಗಳ ಮೂಲಕ ಮುಂದುವರಿದವು.

ಈ ಬದಲಾವಣೆಯಿಂದ ಆದ ಅನುಕೂಲ ಎಲ್ಲರಿಗೂ ತಿಳಿದಿದೆ. ಅದರ ಜೊತೆಗೇ ಒಂದು ಹೊಸ ಅವಲಂಬನೆಯೂ ಹುಟ್ಟಿತು. ಕೈಬರಹದ ಪುಸ್ತಕವಿದ್ದ ಕಾಲದಲ್ಲಿ ಯಂತ್ರ ಕೆಡುವ ಪ್ರಶ್ನೆಯೇ ಇರಲಿಲ್ಲ. ಮುದ್ರಿತ ಪಹಣಿಯೊಂದೇ ಮಾನ್ಯವಾದ ಮೇಲೆ, ಯಂತ್ರ ನಿಂತರೆ ಸೇವೆಯೂ ನಿಲ್ಲುತ್ತದೆ. ಆದ್ದರಿಂದ ಯಂತ್ರವನ್ನು ಎಷ್ಟು ಬೇಗ, ಎಷ್ಟು ಸುರಕ್ಷಿತವಾಗಿ ಮರಳಿ ನಿಲ್ಲಿಸಬಹುದು ಎಂಬುದು ಕೇವಲ ತಾಂತ್ರಿಕ ವಿಷಯವಾಗಿ ಉಳಿಯದೆ ಸಾರ್ವಜನಿಕ ಸೇವೆಯ ವಿಷಯವಾಯಿತು.

3. ಸರ್ವಿಸ್ ಪ್ಯಾಕ್ ಎಂದರೇನು?

ಸೇವಾ ನಿಯಮಗಳ ಪುಸ್ತಕವೊಂದನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಪುಸ್ತಕ ಮುದ್ರಣವಾದ ನಂತರ ಸರ್ಕಾರವು ಕಾಲಕಾಲಕ್ಕೆ ತಿದ್ದುಪಡಿ ಆದೇಶಗಳನ್ನು ಹೊರಡಿಸುತ್ತದೆ. ಕಚೇರಿಗಳಲ್ಲಿ ಅವುಗಳನ್ನು ಸಣ್ಣ ಚೀಟಿಗಳಾಗಿ ಕತ್ತರಿಸಿ ಸಂಬಂಧಪಟ್ಟ ಪುಟದಲ್ಲಿ ಅಂಟಿಸುವುದು ರೂಢಿ. ಕೆಲವು ವರ್ಷಗಳ ನಂತರ ಎಲ್ಲ ತಿದ್ದುಪಡಿಗಳ ಕ್ರೋಡೀಕೃತ ಸಂಪುಟವೊಂದು ಹೊರಬರುತ್ತದೆ. ಆ ತಿದ್ದುಪಡಿಗಳನ್ನು ಮೂಲ ಪಠ್ಯದಲ್ಲಿಯೇ ಸೇರಿಸಿ ಪುಸ್ತಕವನ್ನು ಮರುಮುದ್ರಿಸಿದರೆ, ಓದುವವರು ಚೀಟಿ ಹುಡುಕಬೇಕಾಗಿಲ್ಲ.

ಕಾರ್ಯಾಚರಣಾ ವ್ಯವಸ್ಥೆಯಲ್ಲಿಯೂ ಇದೇ ಕ್ರಮವಿದೆ. ಬಿಡಿ ತಿದ್ದುಪಡಿಗಳು ಚೀಟಿಗಳಿದ್ದಂತೆ. ಸರ್ವಿಸ್ ಪ್ಯಾಕ್ ಅವುಗಳ ಕ್ರೋಡೀಕೃತ ಸಂಪುಟ. ಸರ್ವಿಸ್ ಪ್ಯಾಕ್ ಸೇರಿಸಿದ ಅನುಸ್ಥಾಪನಾ ಸಿ.ಡಿ. ಮರುಮುದ್ರಿತ ಪುಸ್ತಕ. ಈ ಸೇರ್ಪಡೆಯ ಕ್ರಮವನ್ನು ತಂತ್ರಜ್ಞರು 'ಸ್ಲಿಪ್‌ಸ್ಟ್ರೀಮಿಂಗ್' ಎಂದು ಕರೆಯುತ್ತಾರೆ.

ವಿಂಡೋಸ್ ಎಕ್ಸ್‌ಪಿ ವ್ಯವಸ್ಥೆಯ ಪ್ರಮುಖ ದಿನಾಂಕಗಳು ಈ ಕೆಳಕಂಡಂತಿವೆ:

– ಮೂಲ ಆವೃತ್ತಿಯ ಬಿಡುಗಡೆ: ಅಕ್ಟೋಬರ್ 2001
– ಸರ್ವಿಸ್ ಪ್ಯಾಕ್ 1: ಸೆಪ್ಟೆಂಬರ್ 2002
– ಸರ್ವಿಸ್ ಪ್ಯಾಕ್ 2: ಆಗಸ್ಟ್ 2004
– ಸರ್ವಿಸ್ ಪ್ಯಾಕ್ 3: 2008
– ತಯಾರಕ ಸಂಸ್ಥೆಯ ಬೆಂಬಲ ಮುಕ್ತಾಯ: 8 ಏಪ್ರಿಲ್ 2014

2001ರ ಸಿ.ಡಿ.ಯಿಂದ 2005ರಲ್ಲಿ ಯಂತ್ರವೊಂದನ್ನು ಸಿದ್ಧಪಡಿಸಿದರೆ, ದೊರೆಯುತ್ತಿದ್ದುದು 2001ರ ಯಂತ್ರವೇ. ನಡುವಿನ ನಾಲ್ಕು ವರ್ಷಗಳ ತಿದ್ದುಪಡಿಗಳನ್ನು ಅನಂತರ ಪ್ರತ್ಯೇಕವಾಗಿ ಹಾಕಬೇಕಾಗಿತ್ತು. ತೊಂದರೆಗಳು ಆರಂಭವಾಗುತ್ತಿದ್ದುದು ಈ ನಡುವಿನ ಅವಧಿಯಲ್ಲಿಯೇ.

4. ಹಳೆಯ ಸಿ.ಡಿ.ಯಿಂದ ಉಂಟಾಗುತ್ತಿದ್ದ ತೊಂದರೆಗಳು

(ಅ) ಸುರಕ್ಷತೆ: ವಿಂಡೋಸ್‌ನ ಒಂದು ದೋಷಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯು 16 ಜುಲೈ 2003ರಂದು ತಿದ್ದುಪಡಿ ನೀಡಿತು. ಅದೇ ದೋಷವನ್ನು ಬಳಸಿಕೊಂಡ 'ಬ್ಲಾಸ್ಟರ್' ಎಂಬ ಗಣಕ ಹುಳು ಆಗಸ್ಟ್ 11ರಂದು, ಅಂದರೆ 26 ದಿನಗಳಲ್ಲಿ ಹರಡತೊಡಗಿತು. ಸೋಂಕು ತಗುಲಿದ ಯಂತ್ರದ ಪರದೆಯ ಮೇಲೆ 60 ಸೆಕೆಂಡುಗಳ ಇಳಿಎಣಿಕೆ ಕಾಣಿಸಿ ಯಂತ್ರ ತಾನಾಗಿ ಮರುಚಾಲನೆಗೊಳ್ಳುತ್ತಿತ್ತು. 2004ರ 'ಸ್ಯಾಸರ್' ಹುಳುವಿನ ಸಂದರ್ಭದಲ್ಲಿ ತಿದ್ದುಪಡಿಗೂ ದಾಳಿಗೂ ನಡುವೆ ಇದ್ದ ಅಂತರ 17 ದಿನ ಮಾತ್ರ. ಈ ಹುಳುಗಳು ಹರಡಲು ಬಳಕೆದಾರರು ಯಾವುದೇ ಕಡತವನ್ನು ತೆರೆಯಬೇಕಾಗಿರಲಿಲ್ಲ. ಯಂತ್ರವು ಜಾಲಕ್ಕೆ ಜೋಡಿಸಲ್ಪಟ್ಟಿದ್ದರೆ ಸಾಕಾಗಿತ್ತು.

ತಿದ್ದುಪಡಿಯಿಲ್ಲದ ವಿಂಡೋಸ್ ಯಂತ್ರವೊಂದು ಅಂತರ್ಜಾಲದಲ್ಲಿ ದಾಳಿಗೆ ಒಳಗಾಗದೆ ಉಳಿಯುವ ಸರಾಸರಿ ಅವಧಿ ಸುಮಾರು 20 ನಿಮಿಷಗಳೆಂದು ಸ್ಯಾನ್ಸ್ ಸಂಸ್ಥೆಯು 2004ರಲ್ಲಿ ಅಂದಾಜಿಸಿತ್ತು. ತಿದ್ದುಪಡಿಯನ್ನು ತರಲು ಅಂತರ್ಜಾಲಕ್ಕೆ ಹೋಗಬೇಕು, ಅಂತರ್ಜಾಲಕ್ಕೆ ಹೋದರೆ ತಿದ್ದುಪಡಿ ಬರುವ ಮೊದಲೇ ಸೋಂಕು ತಗುಲಬಹುದು. ಸರ್ವಿಸ್ ಪ್ಯಾಕ್ 2 ಸೇರಿಸಿದ ಸಿ.ಡಿ.ಯಿಂದ ಸಿದ್ಧಪಡಿಸಿದ ಯಂತ್ರದಲ್ಲಿ ಈ ಎರಡೂ ದೋಷಗಳು ಸರಿಪಟ್ಟಿದ್ದವು. ಜೊತೆಗೆ ರಕ್ಷಣಾ ಗೋಡೆಯಾದ ಫೈರ್‌ವಾಲ್ ಮೊದಲ ಚಾಲನೆಯಿಂದಲೇ ಸಕ್ರಿಯವಾಗಿರುತ್ತಿತ್ತು.

(ಆ) ಸಮಯ: ಸರ್ವಿಸ್ ಪ್ಯಾಕ್ 2ರ ಪೂರ್ಣ ಕಡತದ ಗಾತ್ರ ಸುಮಾರು 266 ಮೆಗಾಬೈಟ್. ದೂರವಾಣಿ ತಂತಿಯ ಮೂಲಕ 56 ಕಿಲೋಬಿಟ್ ವೇಗದ ಸಂಪರ್ಕದಲ್ಲಿ, ಮಧ್ಯೆ ಒಮ್ಮೆಯೂ ಕಡಿತವಾಗದೆ ಪೂರ್ಣ ವೇಗ ದೊರೆತರೂ ಅದನ್ನು ಇಳಿಸಿಕೊಳ್ಳಲು ಹತ್ತೂವರೆ ಗಂಟೆಗಿಂತ ಹೆಚ್ಚು ಸಮಯ ಬೇಕು. ಕಚೇರಿಯ ಒಂದು ದಿನದ ಕೆಲಸದ ಅವಧಿಗಿಂತ ಇದು ಹೆಚ್ಚು. ವಿದ್ಯುತ್ತು ಅಥವಾ ಸಂಪರ್ಕ ಮಧ್ಯದಲ್ಲಿ ನಿಂತರೆ ಎಷ್ಟೋ ಬಾರಿ ಮೊದಲಿನಿಂದ ಆರಂಭಿಸಬೇಕಾಗುತ್ತಿತ್ತು. ಜಿಲ್ಲಾ ಕೇಂದ್ರದಲ್ಲಿ ಒಮ್ಮೆ ಇಳಿಸಿಕೊಂಡು, ಒಂದು ಸಿ.ಡಿ.ಯಲ್ಲಿ ಸೇರಿಸಿ, ಅದರ ಪ್ರತಿಗಳನ್ನು ಕೊಟ್ಟರೆ ಹೋಬಳಿಯ ಯಂತ್ರಕ್ಕೆ ಈ ಕಾಯುವಿಕೆಯೇ ಇರುವುದಿಲ್ಲ.

(ಇ) ದತ್ತಾಂಶದ ಸುರಕ್ಷತೆ: ಎಕ್ಸ್‌ಪಿಯ ಮೂಲ ಆವೃತ್ತಿಯು 137 ಗಿಗಾಬೈಟ್‌ಗಿಂತ ದೊಡ್ಡ ಹಾರ್ಡ್ ಡಿಸ್ಕನ್ನು ಪೂರ್ಣವಾಗಿ ಗುರುತಿಸುತ್ತಿರಲಿಲ್ಲ. ಈ ಮಿತಿ ನಿವಾರಣೆಯಾದುದು ಸರ್ವಿಸ್ ಪ್ಯಾಕ್ 1ರಲ್ಲಿ. ದೊಡ್ಡ ಡಿಸ್ಕ್ ಇರುವ ಯಂತ್ರಕ್ಕೆ ಹಳೆಯ ಸಿ.ಡಿ.ಯನ್ನು ಬಳಸಿದರೆ ಸ್ಥಳ ನಷ್ಟವಾಗುವುದಲ್ಲದೆ, ಆ ಡಿಸ್ಕಿನಲ್ಲಿ ಮೊದಲೇ ಇದ್ದ ದಾಖಲೆಗಳಿಗೂ ಅಪಾಯವಿತ್ತು.

(ಈ) ಕನ್ನಡದ ಅಳವಡಿಕೆ: ಎಕ್ಸ್‌ಪಿಯಲ್ಲಿ ಯೂನಿಕೋಡ್ ಕನ್ನಡದ ಬೆಂಬಲವೂ 'ತುಂಗಾ' ಅಕ್ಷರಶೈಲಿಯೂ ಇದ್ದವು. ಆದರೆ ಇಂಗ್ಲಿಷ್ ಆವೃತ್ತಿಯಲ್ಲಿ ಕನ್ನಡದಂತಹ ಸಂಕೀರ್ಣ ಲಿಪಿಗಳ ಬೆಂಬಲವನ್ನು ಪ್ರಾದೇಶಿಕ ಭಾಷೆಗಳ ವಿಭಾಗದಲ್ಲಿ ಪ್ರತ್ಯೇಕವಾಗಿ ಆಯ್ಕೆ ಮಾಡಬೇಕಾಗಿತ್ತು. ಆಯ್ಕೆ ಮಾಡಿದ ಕೂಡಲೇ ವ್ಯವಸ್ಥೆಯು ಅನುಸ್ಥಾಪನಾ ಸಿ.ಡಿ.ಯನ್ನು ಕೇಳುತ್ತಿತ್ತು. ಸರ್ವಿಸ್ ಪ್ಯಾಕನ್ನು ಅನಂತರ ಹಾಕಿದ ಯಂತ್ರವಾದರೆ ಕೆಲವು ಕಡತಗಳು ಹಳೆಯ ಸಿ.ಡಿ.ಯಿಂದಲೂ, ಕೆಲವು ಸರ್ವಿಸ್ ಪ್ಯಾಕ್‌ನ ಕಡತಕೋಶದಿಂದಲೂ ಬೇಕಾಗುತ್ತಿದ್ದವು. ಸೇರ್ಪಡೆಗೊಂಡ ಸಿ.ಡಿ. ಇದ್ದರೆ ಎರಡೂ ಒಂದೇ ಕಡೆ ದೊರೆಯುತ್ತಿದ್ದವು. ಈ ಬೆಂಬಲವಿಲ್ಲದ ಯಂತ್ರದಲ್ಲಿ ಯೂನಿಕೋಡ್ ಕನ್ನಡದ ಒತ್ತಕ್ಷರಗಳು ಒಡೆದು, ಗುಣಿತಾಕ್ಷರಗಳು ಸ್ಥಾನ ತಪ್ಪಿ ಕಾಣುತ್ತಿದ್ದವು. ಅರ್ಜಿದಾರರ ಹೆಸರು, ತಂದೆಯ ಹೆಸರು, ಗ್ರಾಮದ ಹೆಸರು ಸರಿಯಾಗಿರಬೇಕಾದ ಪ್ರಮಾಣ ಪತ್ರಗಳಿಗೆ ಇದು ಸಣ್ಣ ದೋಷವಲ್ಲ.

ಮಲಯಾಳಂ ಮತ್ತು ಬಂಗಾಳಿ ಲಿಪಿಗಳ ಬೆಂಬಲವು ಎಕ್ಸ್‌ಪಿಗೆ ಬಂದದ್ದೇ ಸರ್ವಿಸ್ ಪ್ಯಾಕ್ 2ರ ಮೂಲಕ. ಕನ್ನಡ ಮತ್ತು ಮಲಯಾಳಂ ಎರಡೂ ಬಳಕೆಯಲ್ಲಿರುವ ಕೇರಳದ ಕಾಸರಗೋಡಿನಂತಹ ಜಿಲ್ಲೆಯಲ್ಲಿ 2001ರ ಸಿ.ಡಿ.ಯೊಂದರಿಂದಲೇ ಎರಡೂ ಭಾಷೆಗಳ ಕೆಲಸ ಸಾಧ್ಯವಿರಲಿಲ್ಲ. ಸರ್ವಿಸ್ ಪ್ಯಾಕ್ ಎಂಬುದು ದೋಷ ನಿವಾರಣೆಗೆ ಮಾತ್ರ ಸೀಮಿತವಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

5. ಸೇರ್ಪಡೆಯ ವಿಧಾನ

ವಿಂಡೋಸ್ 2000 ಮತ್ತು ಎಕ್ಸ್‌ಪಿ ವ್ಯವಸ್ಥೆಗಳಲ್ಲಿ ಅನುಸರಿಸುತ್ತಿದ್ದ ಕ್ರಮವು ಈ ಕೆಳಕಂಡಂತಿದೆ:

1) ಮೂಲ ಅನುಸ್ಥಾಪನಾ ಸಿ.ಡಿ.ಯಲ್ಲಿರುವ ಎಲ್ಲ ಕಡತಗಳನ್ನು ಹಾರ್ಡ್ ಡಿಸ್ಕಿನ ಒಂದು ಪ್ರತ್ಯೇಕ ಕಡತಕೋಶಕ್ಕೆ ನಕಲು ಮಾಡುವುದು. ಸಿ.ಡಿ.ಯಲ್ಲಿ ನೇರವಾಗಿ ಬದಲಾವಣೆ ಸಾಧ್ಯವಿಲ್ಲದಿರುವುದೇ ಇದಕ್ಕೆ ಕಾರಣ.

2) ಸರ್ವಿಸ್ ಪ್ಯಾಕ್‌ನ ಪೂರ್ಣ ಕಡತವನ್ನು ತಯಾರಕರ ಅಧಿಕೃತ ಮೂಲದಿಂದಲೇ ಪಡೆಯುವುದು. ಅದರ ಭಾಷೆಯು ಮೂಲ ಸಿ.ಡಿ.ಯ ಭಾಷೆಯೇ ಆಗಿರಬೇಕು. ಇಂಗ್ಲಿಷ್ ಸಿ.ಡಿ.ಗೆ ಇಂಗ್ಲಿಷ್ ಸರ್ವಿಸ್ ಪ್ಯಾಕ್ ಮಾತ್ರ ಹೊಂದುತ್ತದೆ.

3) ಆ ಕಡತವನ್ನು ಸಾಮಾನ್ಯ ರೀತಿಯಲ್ಲಿ ಚಾಲನೆ ಮಾಡದೆ, ಆದೇಶ ಸಾಲಿನಲ್ಲಿ ಸೇರ್ಪಡೆಗೆ ನಿಗದಿಯಾದ ಸೂಚನೆಯೊಂದಿಗೆ ಮೇಲ್ಕಂಡ ಕಡತಕೋಶದ ವಿಳಾಸವನ್ನು ಕೊಟ್ಟು ಚಾಲನೆ ಮಾಡುವುದು. ಆಗ ತಿದ್ದುಪಡಿಗಳು ಕೆಲಸ ಮಾಡುತ್ತಿರುವ ಯಂತ್ರಕ್ಕೆ ಅನ್ವಯವಾಗದೆ, ನಕಲು ಮಾಡಿದ ಅನುಸ್ಥಾಪನಾ ಕಡತಗಳಿಗೆ ಅನ್ವಯವಾಗುತ್ತವೆ. ಹಳೆಯ ಕಡತಗಳ ಸ್ಥಾನದಲ್ಲಿ ಹೊಸವು ಬಂದು ಕೂರುತ್ತವೆ.

4) ಮೂಲ ಸಿ.ಡಿ.ಯಿಂದ ಚಾಲನಾ ಭಾಗವನ್ನು, ಅಂದರೆ ಯಂತ್ರವು ಸಿ.ಡಿ.ಯಿಂದಲೇ ಆರಂಭವಾಗಲು ಬೇಕಾದ ಸಣ್ಣ ಕಡತವನ್ನು ಬೇರ್ಪಡಿಸಿಕೊಳ್ಳುವುದು. ಸಿ.ಡಿ. ಬರೆಯುವ ತಂತ್ರಾಂಶದಲ್ಲಿ ಅದನ್ನು 'ಅನುಕರಣೆ ಇಲ್ಲ' ಎಂಬ ಆಯ್ಕೆಯೊಂದಿಗೆ, 4 ಸೆಕ್ಟರ್‌ಗಳೆಂದು ನಮೂದಿಸಿ ಸೇರಿಸಬೇಕು. ಈ ಹಂತವನ್ನು ಬಿಟ್ಟರೆ ಸಿ.ಡಿ.ಯಲ್ಲಿ ಎಲ್ಲ ಕಡತಗಳಿದ್ದರೂ ಖಾಲಿ ಯಂತ್ರ ಅದರಿಂದ ಆರಂಭವಾಗುವುದಿಲ್ಲ.

5) ಸಿ.ಡಿ.ಯ ಮೂಲ ಹೆಸರನ್ನು ಬದಲಿಸದೆ ಉಳಿಸಿಕೊಂಡು, 700 ಮೆಗಾಬೈಟ್‌ನ ಖಾಲಿ ಸಿ.ಡಿ.ಗೆ ಬರೆಯುವುದು.

6) ಸಿದ್ಧವಾದ ಸಿ.ಡಿ.ಯನ್ನು ಸೇವೆಯಲ್ಲಿಲ್ಲದ ಯಂತ್ರವೊಂದರಲ್ಲಿ ಪೂರ್ಣವಾಗಿ ಪರೀಕ್ಷಿಸಿ, ಮೇಲ್ಮೈಯಲ್ಲಿ ಆವೃತ್ತಿ, ಸರ್ವಿಸ್ ಪ್ಯಾಕ್ ಸಂಖ್ಯೆ ಮತ್ತು ತಯಾರಿಸಿದ ದಿನಾಂಕವನ್ನು ಬರೆಯುವುದು.

ಬಿಡಿ ತಿದ್ದುಪಡಿಗಳನ್ನೂ ಯಂತ್ರಾಂಶದ ಚಾಲಕ ತಂತ್ರಾಂಶಗಳನ್ನೂ ಸೇರಿಸಲು 'ಎನ್‌ಲೈಟ್' ಎಂಬ ಉಪಕರಣವು ಆ ವರ್ಷಗಳಲ್ಲಿ ಬಳಕೆಯಲ್ಲಿತ್ತು. ಎಕ್ಸ್‌ಪಿ ಸಿ.ಡಿ.ಯು ಹೊಸ ಮಾದರಿಯ ಸಾಟಾ ಹಾರ್ಡ್ ಡಿಸ್ಕುಗಳನ್ನು ಎಷ್ಟೋ ಯಂತ್ರಗಳಲ್ಲಿ ಗುರುತಿಸುತ್ತಿರಲಿಲ್ಲ. ಚಾಲಕ ತಂತ್ರಾಂಶವನ್ನು ಅನುಸ್ಥಾಪನೆಯ ಆರಂಭದಲ್ಲಿಯೇ ಫ್ಲಾಪಿಯಿಂದ ಕೊಡಬೇಕಾಗಿತ್ತು. ಫ್ಲಾಪಿ ಚಾಲಕವೇ ಇಲ್ಲದ ಯಂತ್ರಗಳು ಬಂದ ಮೇಲೆ ಅದನ್ನು ಸಿ.ಡಿ.ಯಲ್ಲಿ ಸೇರಿಸುವುದು ಅನಿವಾರ್ಯವಾಯಿತು.

6. ಗಮನಿಸಬೇಕಾದ ಮಿತಿಗಳು

(ಅ) ಸೇರ್ಪಡೆಯಿಂದ ಪರವಾನಗಿ ಬದಲಾಗುವುದಿಲ್ಲ. ಮೂಲ ಸಿ.ಡಿ.ಯ ಪರವಾನಗಿಯೂ ಉತ್ಪನ್ನ ಸಂಖ್ಯೆಯೂ ಹೊಸ ಸಿ.ಡಿ.ಗೂ ಬೇಕು. ಅಪರಿಚಿತರು ತಯಾರಿಸಿ ಹಂಚುವ 'ಎಲ್ಲವೂ ಸೇರಿದ' ಸಿ.ಡಿ.ಗಳನ್ನು ಬಳಸುವುದು ಕಾನೂನಿನ ದೃಷ್ಟಿಯಿಂದಲೂ ಸುರಕ್ಷತೆಯ ದೃಷ್ಟಿಯಿಂದಲೂ ಸರಿಯಲ್ಲ. ಅದರಲ್ಲಿ ಏನನ್ನು ಸೇರಿಸಲಾಗಿದೆಯೆಂದು ಬಳಸುವವರಿಗೆ ತಿಳಿಯುವುದಿಲ್ಲ.

(ಆ) ಅನಂತರ ಹಾಕಿದ ಸರ್ವಿಸ್ ಪ್ಯಾಕನ್ನು ತೆಗೆದುಹಾಕಬಹುದಿತ್ತು. ಸಿ.ಡಿ.ಯಲ್ಲಿಯೇ ಸೇರಿಸಿದ ಸರ್ವಿಸ್ ಪ್ಯಾಕನ್ನು ತೆಗೆಯಲಾಗದು. ಆದ್ದರಿಂದ ಕಚೇರಿಯ ತಂತ್ರಾಂಶವು ಅದರೊಂದಿಗೆ ಹೊಂದಿಕೊಳ್ಳುವುದೇ ಎಂಬುದನ್ನು ಮೊದಲೇ ಪರೀಕ್ಷಿಸಬೇಕು.

(ಇ) ಸೇರ್ಪಡೆಗೊಂಡ ಸಿ.ಡಿ.ಯೂ ಹಳೆಯದಾಗುತ್ತದೆ. ಸರ್ವಿಸ್ ಪ್ಯಾಕ್ 3 ಬಂದ ವರ್ಷದಲ್ಲಿಯೇ, ಅಂದರೆ 23 ಅಕ್ಟೋಬರ್ 2008ರಂದು ಮತ್ತೊಂದು ಗಂಭೀರ ದೋಷಕ್ಕೆ ತಿದ್ದುಪಡಿ ಹೊರಬಂತು. ನವೆಂಬರ್‌ನಲ್ಲಿ ಅದೇ ದೋಷದ ಮೂಲಕ 'ಕಾನ್‌ಫಿಕರ್' ಹುಳು ಹರಡಿತು. ಸರ್ವಿಸ್ ಪ್ಯಾಕ್ 3 ಮಾತ್ರ ಇರುವ ಸಿ.ಡಿ.ಯಿಂದ ಸಿದ್ಧವಾದ ಯಂತ್ರಕ್ಕೆ ಅದರಿಂದ ರಕ್ಷಣೆ ಇರಲಿಲ್ಲ. ಲೆಕ್ಕಪುಸ್ತಕದ ಆರಂಭಿಕ ಶಿಲ್ಕು ಸರಿಯಿದ್ದರೂ ನಂತರದ ವ್ಯವಹಾರಗಳನ್ನು ದಿನವೂ ಬರೆಯಲೇಬೇಕು. ಇದೂ ಹಾಗೆಯೇ.

(ಈ) ಹಾರ್ಡ್ ಡಿಸ್ಕನ್ನು ಅಳಿಸಿ ಹೊಸದಾಗಿ ಅನುಸ್ಥಾಪಿಸಿದರೆ ಅದರಲ್ಲಿದ್ದ ದಾಖಲೆಗಳೂ ಅಳಿಸಿಹೋಗುತ್ತವೆ. ಆದುದರಿಂದ ಸಿ.ಡಿ. ಎಷ್ಟೇ ಉತ್ತಮವಾಗಿದ್ದರೂ ದತ್ತಾಂಶದ ಪ್ರತಿ ತೆಗೆದಿಡುವುದು ಮೊದಲ ಕೆಲಸ.

7. ಇಂದಿನ ಸ್ಥಿತಿ

ವಿಂಡೋಸ್ ವಿಸ್ಟಾದಿಂದ ಅನುಸ್ಥಾಪನಾ ಕಡತಗಳ ಸ್ವರೂಪ ಬದಲಾಯಿತು. ಬಿಡಿ ಕಡತಗಳ ಬದಲು ಇಡೀ ವ್ಯವಸ್ಥೆಯ ಒಂದು ಪ್ರತಿಬಿಂಬ ಕಡತ ಬಂದಿತು. ತಿದ್ದುಪಡಿಗಳನ್ನು 'ಡಿಸ್ಮ್' ಎಂಬ ಉಪಕರಣದಿಂದ ಆ ಪ್ರತಿಬಿಂಬದಲ್ಲಿಯೇ ಸೇರಿಸುವ ಕ್ರಮ ವಿಂಡೋಸ್ 7ರ ಕಾಲದಿಂದ ರೂಢಿಗೆ ಬಂದಿತು. 2011ರಲ್ಲಿ ವಿಂಡೋಸ್ 7ಕ್ಕೆ ಬಂದ ಸರ್ವಿಸ್ ಪ್ಯಾಕ್ 1ರ ನಂತರ, ಸಾಮಾನ್ಯ ಬಳಕೆಯ ವಿಂಡೋಸ್ ಆವೃತ್ತಿಗಳಿಗೆ ಸರ್ವಿಸ್ ಪ್ಯಾಕ್ ಎಂಬ ಹೆಸರಿನಲ್ಲಿ ಯಾವುದೂ ಬಂದಿಲ್ಲ. ಅದರ ಸ್ಥಾನದಲ್ಲಿ ಪ್ರತಿ ತಿಂಗಳೂ ಕ್ರೋಡೀಕೃತ ತಿದ್ದುಪಡಿಗಳು ಬರುತ್ತವೆ. ಸಿ.ಡಿ.ಯ ಬದಲು ಯು.ಎಸ್.ಬಿ. ಸಾಧನ ಬಳಕೆಗೆ ಬಂದಿದೆ. ಮುಕ್ತ ತಂತ್ರಾಂಶವಾದ ಡೆಬಿಯನ್ ಲಿನಕ್ಸ್‌ನಲ್ಲಿಯೂ ಅದುವರೆಗಿನ ಸುರಕ್ಷತಾ ತಿದ್ದುಪಡಿಗಳನ್ನು ಸೇರಿಸಿ ಹೊಸ ಅನುಸ್ಥಾಪನಾ ಪ್ರತಿಯನ್ನು ಕಾಲಕಾಲಕ್ಕೆ ಬಿಡುಗಡೆ ಮಾಡುವ ಪದ್ಧತಿಯಿದೆ.

ವಿಧಾನ ಬದಲಾದರೂ ತತ್ತ್ವ ಬದಲಾಗಿಲ್ಲ. 14 ಮಾರ್ಚ್ 2017ರಂದು ತಿದ್ದುಪಡಿ ದೊರೆತಿದ್ದ ದೋಷವನ್ನೇ ಬಳಸಿ ಅದೇ ವರ್ಷದ ಮೇ 12ರಂದು 'ವನ್ನಾಕ್ರೈ' ದಾಳಿ ಜಗತ್ತಿನಾದ್ಯಂತ ನಡೆಯಿತು. ತಿದ್ದುಪಡಿ ಹಾಕದ ಯಂತ್ರಗಳ ಕಡತಗಳು ಬೀಗ ಹಾಕಿದಂತಾಗಿ, ಅವುಗಳ ಬಿಡುಗಡೆಗೆ ಹಣದ ಬೇಡಿಕೆ ಬಂದಿತು. ವಿಂಡೋಸ್ 7ರ ಬೆಂಬಲವು 14 ಜನವರಿ 2020ರಂದು, ವಿಂಡೋಸ್ 10ರ ಸಾಮಾನ್ಯ ಬೆಂಬಲವು 14 ಅಕ್ಟೋಬರ್ 2025ರಂದು ಮುಗಿದಿದೆ. ಎಕ್ಸ್‌ಪಿ ಸಿ.ಡಿ.ಗೆ ಎಲ್ಲ ಸರ್ವಿಸ್ ಪ್ಯಾಕ್‌ಗಳನ್ನು ಸೇರಿಸಿದರೂ ಇಂದು ಅದನ್ನು ಅಂತರ್ಜಾಲಕ್ಕೆ ಜೋಡಿಸುವ ಯಂತ್ರದಲ್ಲಿ ಬಳಸುವುದು ಸುರಕ್ಷಿತವಲ್ಲ.

ನಾಗರಿಕರಿಗೆ ಸಂಬಂಧಿಸಿದಂತೆ ಒಂದು ದೊಡ್ಡ ಬದಲಾವಣೆಯಾಗಿದೆ. ಆರಂಭದಲ್ಲಿ ಭೂ ದಾಖಲೆಗಳ ದತ್ತಾಂಶವು ತಾಲ್ಲೂಕು ಕಚೇರಿಯ ಯಂತ್ರದಲ್ಲಿಯೇ ಇರುತ್ತಿತ್ತು. ಅನಂತರ ಅದನ್ನು ರಾಜ್ಯ ದತ್ತಾಂಶ ಕೇಂದ್ರದಲ್ಲಿ ಇರಿಸಲಾಯಿತು. ಆದ್ದರಿಂದ ಕಿಟಕಿಯ ಯಂತ್ರ ಕೆಟ್ಟರೂ ದಾಖಲೆ ನಾಶವಾಗುವುದಿಲ್ಲ.

8. ಅರ್ಜಿದಾರರು ತಿಳಿದಿರಬೇಕಾದ ಅಂಶಗಳು

(1) ಒಂದು ಕೇಂದ್ರದ ಯಂತ್ರ ದುರಸ್ತಿಯಲ್ಲಿದ್ದರೆ ಅರ್ಜಿಯನ್ನು ಬೇರೆ ಮಾರ್ಗದಿಂದ ಸಲ್ಲಿಸಬಹುದೇ ಎಂದು ವಿಚಾರಿಸುವುದು. ಪಹಣಿ ಮತ್ತು ನಾಡಕಚೇರಿಯ ಅನೇಕ ಪ್ರಮಾಣ ಪತ್ರಗಳು ಅಂತರ್ಜಾಲದ ಮೂಲಕವೂ ದೊರೆಯುತ್ತವೆ. ಗ್ರಾಮ ಒನ್ ಕೇಂದ್ರಗಳ ಮೂಲಕವೂ ಹಲವು ಸೇವೆಗಳಿಗೆ ಅರ್ಜಿ ಸಲ್ಲಿಸಬಹುದು.

(2) 2 ಏಪ್ರಿಲ್ 2012ರಿಂದ ಜಾರಿಯಲ್ಲಿರುವ 'ಸಕಾಲ' ವ್ಯವಸ್ಥೆಯಡಿ ಅಧಿಸೂಚಿತ ಸೇವೆಗಳಿಗೆ ಕಾಲಮಿತಿ ನಿಗದಿಯಾಗಿದೆ. ಅರ್ಜಿ ಸಲ್ಲಿಸಿದಾಗ 15 ಅಂಕಿಗಳ ಸಂಖ್ಯೆಯುಳ್ಳ ಸ್ವೀಕೃತಿಯನ್ನು ತಪ್ಪದೆ ಪಡೆಯಬೇಕು. ದಿನಗಳ ಎಣಿಕೆಗೆ ಅರ್ಜಿದಾರರ ಕೈಯಲ್ಲಿರುವ ಆಧಾರ ಇದೇ. "ನಾಳೆ ಬನ್ನಿ" ಎಂಬ ಮಾತಿಗೆ ಯಾವುದೇ ಸಂಖ್ಯೆ ಇರುವುದಿಲ್ಲ. ಹೀಗಾಗಿ ಅರ್ಜಿ ಸ್ವೀಕಾರಕ್ಕೆ ಮೊದಲೇ ಕಳೆದುಹೋದ ದಿನ ಯಾವ ಲೆಕ್ಕಕ್ಕೂ ಬರದೆ ಹೋಗಬಹುದು. ಯಂತ್ರಗಳನ್ನು ಬೇಗ ಸುಸ್ಥಿತಿಗೆ ತರುವ ಸಿದ್ಧತೆಗೆ ಇಷ್ಟು ಮಹತ್ವ ನೀಡಲು ಇದೇ ಮುಖ್ಯ ಕಾರಣ.

(3) ನಿಗದಿತ ಅವಧಿಯೊಳಗೆ ಸೇವೆ ದೊರೆಯದಿದ್ದಲ್ಲಿ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ. ವಿಳಂಬಕ್ಕೆ ದಿನವೊಂದಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿವರೆಗೆ ಪರಿಹಾರಕ್ಕೆ ಕಾಯ್ದೆಯಲ್ಲಿ ಅವಕಾಶ ಕಲ್ಪಿಸಲಾಗಿದೆ.

(4) ಪ್ರವೇಶ, ವಿದ್ಯಾರ್ಥಿವೇತನ ಮತ್ತು ಸಾಲದ ಕೊನೆಯ ದಿನಾಂಕದವರೆಗೆ ಕಾಯದೆ ಸಾಕಷ್ಟು ಮುಂಚಿತವಾಗಿ ಅರ್ಜಿ ಸಲ್ಲಿಸುವುದು.

(5) ಮುದ್ರಿತ ಪ್ರಮಾಣ ಪತ್ರದಲ್ಲಿ ಹೆಸರು, ಗ್ರಾಮ ಮತ್ತು ಸರ್ವೆ ಸಂಖ್ಯೆಗಳನ್ನು ಕಿಟಕಿಯ ಬಳಿಯಲ್ಲಿಯೇ ಓದಿ ನೋಡುವುದು. ಅಕ್ಷರಗಳು ಒಡೆದು ಅಥವಾ ಸ್ಥಾನ ತಪ್ಪಿ ಮುದ್ರಣವಾಗಿದ್ದರೆ ಕೂಡಲೇ ಸಿಬ್ಬಂದಿಯ ಗಮನಕ್ಕೆ ತರುವುದು.

(6) ಮನೆಯ ಗಣಕಯಂತ್ರದಿಂದ ಅರ್ಜಿ ಸಲ್ಲಿಸುವವರು, ಆ ಯಂತ್ರಕ್ಕೆ ಹೊಸದಾಗಿ ಕಾರ್ಯಾಚರಣಾ ವ್ಯವಸ್ಥೆಯನ್ನು ಹಾಕಿಸುವಾಗ ಅನುಸ್ಥಾಪನಾ ಪ್ರತಿಯು ಯಾವ ದಿನಾಂಕದ್ದು ಮತ್ತು ಎಲ್ಲಿಂದ ಪಡೆದದ್ದು ಎಂದು ಕೇಳಿ ತಿಳಿಯುವುದು. ತಿದ್ದುಪಡಿಗಳೆಲ್ಲ ಪೂರ್ಣಗೊಂಡ ನಂತರವೇ ಆಧಾರ್, ಬ್ಯಾಂಕ್ ಖಾತೆ ಮುಂತಾದ ವಿವರಗಳನ್ನು ಅದರಲ್ಲಿ ನಮೂದಿಸುವುದು.

ಮೇಲ್ಕಂಡ ಅಂಶಗಳನ್ನು ಗಮನದಲ್ಲಿರಿಸಿಕೊಂಡು ಸಾರ್ವಜನಿಕರು ಸೇವೆಗಳ ಸದುಪಯೋಗ ಪಡೆದುಕೊಳ್ಳಬೇಕೆಂದು ಕೋರಲಾಗಿದೆ.